ಓದಲು ತಡವರಿಸುವ ಮಕ್ಕಳು: ಅಂಕ ಬೇಡ, ತಪ್ಪು ನೋಡಿ ಗುಂಪು ಮಾಡಿ

ನಮ್ಮ ಶಾಲೆಗಳಲ್ಲಿ ಪರಿಹಾರ ಬೋಧನೆ ಅಂದರೆ ಬಹುಮಟ್ಟಿಗೆ ಹೀಗಿರುತ್ತದೆ: ಓದಲು ಬಾರದ ಆರೇಳು ಮಕ್ಕಳನ್ನು ಒಂದು ಕಡೆ ಕೂರಿಸಿ ವರ್ಣಮಾಲೆಯನ್ನು ಮತ್ತೆ ಮೊದಲಿನಿಂದ ಬರೆಸುವುದು. ಅದೂ ನಾಲ್ಕನೆಯದೋ ಐದನೆಯದೋ ತರಗತಿಗೆ ಬಂದ ಮೇಲೆ, ಜನವರಿ ಹೊತ್ತಿಗೆ. ಆ ಮಕ್ಕಳಲ್ಲಿ ಒಬ್ಬಳಿಗೆ ಒತ್ತಕ್ಷರ ಮಾತ್ರ ತೊಡಕು. ಇನ್ನೊಬ್ಬನಿಗೆ ಗುಣಿತ ಗಟ್ಟಿಯಾಗಿಲ್ಲ. ಮತ್ತೊಬ್ಬಳು ಸರಾಗವಾಗಿಯೇ ಓದುತ್ತಾಳೆ, ಆದರೆ ಮನೆಮಾತು ಲಂಬಾಣಿ, ಓದಿದ್ದು ತಲೆಗೆ ಇಳಿಯುವುದಿಲ್ಲ. ಮೂವರಿಗೂ ಒಂದೇ ಮದ್ದು ಕೊಟ್ಟರೆ ಯಾರಿಗೂ ನಾಟುವುದಿಲ್ಲ. ತಪ್ಪು ಯಾವ ಬಗೆಯದು ಅಂತ ನೋಡಿ ಗುಂಪು ಮಾಡಬೇಕು, ಅದನ್ನು ಎರಡನೇ ತರಗತಿಯಲ್ಲೇ ಮಾಡಬೇಕು.

ಮೂರು ಹಂತದ ನೆರವು ಎನ್ನುವ ಚೌಕಟ್ಟು ಹೆಚ್ಚು ಬಳಕೆಗೆ ಬಂದದ್ದು ಅಮೆರಿಕದಲ್ಲಿ, 2004ರಲ್ಲಿ ಅಲ್ಲಿನ ವಿಶೇಷ ಶಿಕ್ಷಣ ಕಾಯ್ದೆ ತಿದ್ದುಪಡಿಯಾದ ಮೇಲೆ. ಅದಕ್ಕೆ ಮುಂಚೆ ಮಗುವಿನ ಬುದ್ಧಿಮತ್ತೆಗೂ ಕಲಿಕೆಗೂ ದೊಡ್ಡ ಅಂತರ ಬೀಳುವ ತನಕ ಕಾಯುತ್ತಿದ್ದರು. ಅಂದರೆ ಮಗು ಪೂರ್ತಿ ಸೋತ ಮೇಲೆಯೇ ನೆರವು. ಹೊಸ ಚೌಕಟ್ಟಿನಲ್ಲಿ ಮೊದಲ ಹಂತ ಇಡೀ ತರಗತಿಗೆ ಒಳ್ಳೆಯ ಪಾಠ. ಎರಡನೆಯದು ಹಿಂದೆ ಬಿದ್ದವರಿಗೆ ಸಣ್ಣ ಗುಂಪಿನಲ್ಲಿ ಹೆಚ್ಚುವರಿ ಪಾಠ, ವಾರಕ್ಕೆ ಮೂರರಿಂದ ಐದು ದಿನ, ದಿನಕ್ಕೆ 20ರಿಂದ 40 ನಿಮಿಷ. ಮೂರನೆಯದು ಅದಕ್ಕೂ ಜಗ್ಗದವರಿಗೆ, ಒಬ್ಬೊಬ್ಬರಿಗೇ, ಪ್ರತಿದಿನ. ನೂರರಲ್ಲಿ 80 ಮಕ್ಕಳಿಗೆ ಮೊದಲ ಹಂತ ಸಾಕು, 15 ಮಕ್ಕಳಿಗೆ ಎರಡನೆಯದು ಬೇಕು, 5 ಮಕ್ಕಳಿಗೆ ಮೂರನೆಯದು ಎಂಬುದೊಂದು ಅಂದಾಜು ಎಲ್ಲೆಡೆ ಓಡಾಡುತ್ತದೆ. ಅದನ್ನು ಕೋಟಾ ಅಂದುಕೊಳ್ಳಬೇಡಿ. ನಿಮ್ಮ 30 ಮಕ್ಕಳಲ್ಲಿ 15 ಮಂದಿಗೆ ಗುಣಿತ ಬರುತ್ತಿಲ್ಲ ಅಂದರೆ ಗುಂಪು ಮಾಡಲು ಹೋಗಬೇಡಿ. ಕೆಟ್ಟಿರುವುದು ಮೊದಲ ಹಂತ. ಇಡೀ ತರಗತಿಗೆ ನಾಲ್ಕು ವಾರ ಗುಣಿತ ಮಾಡಿಸಿ, ಆಮೇಲೆ ಮತ್ತೆ ಪರೀಕ್ಷಿಸಿ.

ಇನ್ನೊಂದು ಎಚ್ಚರಿಕೆ. ಇಂಗ್ಲಿಷಿಗೆ ಮಾಡಿದ ವೇಳಾಪಟ್ಟಿ ಕನ್ನಡಕ್ಕೆ ಹೊಂದುವುದಿಲ್ಲ. ಅಲ್ಲಿ 26 ಅಕ್ಷರ, ಒಂದನೇ ತರಗತಿಯಲ್ಲಿ ಮುಗಿದುಹೋಗುತ್ತದೆ. ಇಲ್ಲಿ 49 ಮೂಲಾಕ್ಷರ, 34 ವ್ಯಂಜನಗಳ ಗುಣಿತ ಸೇರಿಸಿದರೆ ಐನೂರು ದಾಟುತ್ತದೆ, ಅದರ ಮೇಲೆ ಒತ್ತು. ಕನ್ನಡ ಕಲಿಯುವ ಮಕ್ಕಳ ಮೇಲೆ ಸೋನಾಲಿ ನಾಗ್ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಕ್ಷರಜ್ಞಾನ ಮೊದಲೆರಡು ವರ್ಷಕ್ಕೆ ಮುಗಿಯದೆ ಮುಂದಿನ ತರಗತಿಗಳಿಗೂ ಚಾಚುವುದು ಕಂಡಿತ್ತು. ಹಾಗಾಗಿ ಎರಡನೇ ತರಗತಿಯ ಮಗುವಿಗೆ 'ಸ್ತ್ರ' ಬಾರದಿದ್ದರೆ ಗಾಬರಿ ಬೇಡ. 'ಗಿ' ಮತ್ತು 'ಗೀ' ಬೇರೆ ಅಂತ ಗೊತ್ತಾಗದಿದ್ದರೆ ಅದೇ ವಾರ ಕೆಲಸ ಶುರುವಾಗಬೇಕು.

ಯಾರಿಗೆ ನೆರವು ಬೇಕು ಅಂತ ತಿಳಿಯುವುದು

ಜೂನ್‌ನಲ್ಲಿ ಹೇಗೂ ಹಿಂದಿನ ತರಗತಿಯ ಕಲಿಕೆಯನ್ನು ಮೆಲುಕು ಹಾಕಿಸುವ ಸೇತುಬಂಧ ಇರುತ್ತದೆ, ಎಲ್ಲಿ ತೊಡಕಿದೆ ಅಂತ ನೋಡುವ ನೈದಾನಿಕ ಪರೀಕ್ಷೆಯೂ ಇರುತ್ತದೆ. ಆದರೆ ಬೇಸಿಗೆ ರಜೆ ಮುಗಿಸಿ ಬಂದ ಮಗು ಮೊದಲೆರಡು ವಾರ ಮರೆತದ್ದನ್ನೆಲ್ಲ ನೆನಪಿಸಿಕೊಳ್ಳುತ್ತಿರುತ್ತದೆ. ಓದಿನ ಪರೀಕ್ಷೆಯನ್ನು ಜುಲೈ ಮೊದಲ ವಾರಕ್ಕೆ ಇಟ್ಟುಕೊಂಡರೆ ಸುಮ್ಮನೆ ಪಟ್ಟಿಗೆ ಸೇರುವ ಹೆಸರು ಕಡಿಮೆಯಾಗುತ್ತದೆ. ಎರಡನೆಯ ಸಲ ದಸರಾ ರಜೆಯ ನಂತರ, ಮೂರನೆಯ ಸಲ ಫೆಬ್ರುವರಿಯಲ್ಲಿ.

ಐದು ಹಾಳೆ ಸಾಕು. ಮೊದಲನೆಯದರಲ್ಲಿ 20 ಮೂಲಾಕ್ಷರ, ವರ್ಣಮಾಲೆಯ ಕ್ರಮ ಬಿಟ್ಟು. ಎರಡನೆಯದರಲ್ಲಿ 20 ಗುಣಿತಾಕ್ಷರ, ಅವೂ ಚೆದುರಿದಂತೆ. ಮೂರನೆಯದರಲ್ಲಿ ಒತ್ತಿಲ್ಲದ 10 ಪದ, ಒತ್ತಿರುವ 10 ಪದ. ನಾಲ್ಕನೆಯದರಲ್ಲಿ ಅರ್ಥವೇ ಇಲ್ಲದ 5 ಪದ, 'ದೇಬಿನು', 'ಗೂಮಸಿ' ಅಂಥವು. ಐದನೆಯದರಲ್ಲಿ 30 ಪದಗಳ ಒಂದು ಪ್ಯಾರಾ, ಮೂರು ಪ್ರಶ್ನೆ. ಇದರ ಜೊತೆಗೆ ಹಾಳೆಯಿಲ್ಲದೆ ಬಾಯಲ್ಲಿ ಒಂದಿಷ್ಟು: 'ಕಮಲ'ದಲ್ಲಿ 'ಕ' ತೆಗೆದರೆ ಏನು ಉಳಿಯುತ್ತೆ? ಒಂದು ಮಗುವಿಗೆ ಐದಾರು ನಿಮಿಷ ಹಿಡಿಯುತ್ತದೆ. 30 ಮಕ್ಕಳಿಗೆ ಮೂರು ಗಂಟೆ, ಒಂದು ವಾರಕ್ಕೆ ಹಂಚಿಕೊಂಡರೆ ಭಾರವಲ್ಲ.

ಅರ್ಥವಿಲ್ಲದ ಪದಗಳನ್ನು ನೋಡಿ ಕೆಲವರು ನಗುತ್ತಾರೆ. ಹಾಳೆಗಳಲ್ಲಿ ಅದರಷ್ಟು ಸತ್ಯ ಹೇಳುವುದು ಇನ್ನೊಂದಿಲ್ಲ. ಪಠ್ಯದ ಪದ ಮಗುವಿಗೆ ಬಾಯಿಪಾಠ ಆಗಿರುತ್ತದೆ. ಬೆರಳು ಒಂದು ಸಾಲಿನ ಮೇಲೆ, ಬಾಯಿ ಮುಂದಿನ ಸಾಲಿನಲ್ಲಿ ಇರುವುದನ್ನು ಯಾರೂ ನೋಡದೇ ಇರಲಾರರು. 'ದೇಬಿನು' ಬಾಯಿಪಾಠ ಬರಲು ಸಾಧ್ಯವೇ ಇಲ್ಲ. ಅದೇ ಕಾರಣಕ್ಕೆ ಪ್ಯಾರಾ ಕೂಡ ಪಠ್ಯಪುಸ್ತಕದ್ದು ಆಗಬಾರದು.

ಪರೀಕ್ಷೆ ಜಗುಲಿಯಲ್ಲಿ ಆಗಲಿ, ಒಬ್ಬೊಬ್ಬರೇ ಬರಲಿ, ಉಳಿದವರ ಕಿವಿಗೆ ಬೀಳದಿರಲಿ. ಎರಡು ಸೆಟ್ ಹಾಳೆ ಇದ್ದರೆ ಇನ್ನೂ ಒಳ್ಳೆಯದು. ಒಂದು ಅಕ್ಷರಕ್ಕೆ ಐದು ಸೆಕೆಂಡು ಕಾಯಿರಿ, ಆಮೇಲೆ ಮುಂದಕ್ಕೆ. ತಾನೇ ತಿದ್ದಿಕೊಂಡರೆ ಸರಿ ಅಂತಲೇ ಎಣಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪಾದಲ್ಲಿ ಬರೀ ಇಂಟು ಗುರುತು ಹಾಕಿ ಸುಮ್ಮನಾಗಬೇಡಿ. ಮಗು ಏನು ಅಂದಿತೋ ಅದನ್ನೇ ಆ ಪದದ ಮೇಲೆ ಬರೆಯಿರಿ. ಆ ಬರಹ ಇಲ್ಲದಿದ್ದರೆ ನಿಮ್ಮ ಕೈಯಲ್ಲಿ ಉಳಿಯುವುದು ಅಂಕ ಮಾತ್ರ.

ಆಡುಮಾತನ್ನು ತಪ್ಪು ಅಂತ ಎಣಿಸಬೇಡಿ. ಹಳೇ ಮೈಸೂರು ಕಡೆಯ ಮಗು 'ಹಾಲು' ನೋಡಿ 'ಆಲು' ಅಂದರೆ ಅದು ಓದಿನ ತಪ್ಪಲ್ಲ, ಮನೆಯ ಮಾತು. ಅನುಮಾನವಿದ್ದರೆ ಹಾಳೆಯಲ್ಲಿ 'ಹ' ತೋರಿಸು, 'ಆ' ತೋರಿಸು ಅನ್ನಿ. ತೋರಿಸಿದರೆ ಮುಗಿಯಿತು. ಮಹಾಪ್ರಾಣವೂ ಹಾಗೆಯೇ. 'ಧ'ವನ್ನು 'ದ' ಅಂದರೆ ಬರೆದಿಟ್ಟುಕೊಳ್ಳಿ, ಆದರೆ ಆ ಒಂದು ಕಾರಣಕ್ಕೆ ಮಗುವನ್ನು ಗುಂಪಿಗೆ ಹಾಕಬೇಡಿ.

ತಪ್ಪಿನ ಬಗೆಗಳು

ಮೂಲಾಕ್ಷರದ ತಪ್ಪು ಬಹುಪಾಲು ಒಂದನ್ನೊಂದು ಹೋಲುವ ಅಕ್ಷರಗಳದ್ದು: ಪ-ಷ, ತ-ಶ, ನ-ಸ, ರ-ಠ, ಮ-ವ, ಬ-ಭ. ವ್ಯತ್ಯಾಸ ತೋರಿಸುತ್ತೇನೆ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ಒಟ್ಟಿಗೆ ಕಲಿಸಿದರೆ ಗೊಂದಲ ಹೆಚ್ಚುತ್ತದೆ. ಒಂದು ಗಟ್ಟಿಯಾಗಲಿ, ಮಧ್ಯೆ ಒಂದು ವಾರ ಬಿಟ್ಟು ಇನ್ನೊಂದು ಬರಲಿ, ಆಮೇಲೆ ಎರಡನ್ನೂ ಬೆರೆಸಿ ಕೇಳಿ. ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ವರ್ಣಮಾಲೆಯ ಕ್ರಮ ಬಿಟ್ಟು ರ ಗ ಸ ದ ಅ, ಜ ವ ಮ ಬ ನ ಅಂತ ಶುರು ಮಾಡುವುದರ ಲಾಭ ಇಲ್ಲಿದೆ. ಮೊದಲ ವಾರದಿಂದಲೇ ಸರ, ದನ, ಮರ, ಅರಸ ಎಂಬ ನಿಜವಾದ ಪದಗಳು ಸಿಗುತ್ತವೆ. ಪರಿಹಾರ ಬೋಧನೆಯಲ್ಲಿ ಮತ್ತೆ ಅ ಆ ಇ ಈ ಇಂದ ಶುರು ಮಾಡಿ ಅದನ್ನೇಕೆ ಕಳೆದುಕೊಳ್ಳುತ್ತೇವೋ.

ಅತಿ ಹೆಚ್ಚು ಮಕ್ಕಳು ಸಿಕ್ಕಿಬೀಳುವುದು ಗುಣಿತದಲ್ಲಿ. ಕ ಕಾ ಕಿ ಕೀ ಅಂತ ಸಾಲು ಪೂರ್ತಿ ಹಾಡುವ ಮಗುವಿಗೆ 'ಕೋ' ಒಂದನ್ನೇ ತೋರಿಸಿ ನೋಡಿ. ತುಟಿ ಅಲುಗಾಡುತ್ತದೆ. 'ಕ'ದಿಂದ ಎಣಿಸಿಕೊಂಡು ಬರುತ್ತಿದೆ. ಅದು ಹಾಡು, ಓದಲ್ಲ. ಇಂಥವರಿಗೆ ಅಡ್ಡಸಾಲು ನಿಲ್ಲಿಸಿ ಉದ್ದಸಾಲು ಕೊಡಬೇಕು: ಒಂದೇ ಗುಡಿಸು, ಹತ್ತು ವ್ಯಂಜನದ ಮೇಲೆ. ಗಿ, ಸಿ, ದಿ, ಬಿ, ನಿ, ರಿ. ಆಗ ಮಗುವಿನ ಕಣ್ಣು ಚಿಹ್ನೆಯ ಮೇಲೆ ಬೀಳುತ್ತದೆ. ಎರಡು ಚಿಹ್ನೆ ಗಟ್ಟಿಯಾದ ಮೇಲೆ ಹ್ರಸ್ವ-ದೀರ್ಘದ ಜೋಡಿಪದಗಳು: ಬಲ-ಬಾಲ, ಕುಡಿ-ಕೂಡಿ, ಬೆಳೆ-ಬೇಳೆ, ಕೊಡು-ಕೋಡು. ಅರ್ಥ ಬದಲಾಗುವುದರಿಂದ ದೀರ್ಘವನ್ನು ಹಾರಿಸಿದರೆ ಮಗುವಿಗೇ ಗೊತ್ತಾಗುತ್ತದೆ.

ಗುಣಿತದೊಳಗೆ ಮೂರು ಬಲೆಗಳಿವೆ. 'ಕೊ'ದಲ್ಲಿ ಏತ್ವವೂ ಇದೆ, ಕೊಂಬಿನ ಇಳಿಯೂ ಇದೆ. ಹಾಗಾಗಿ ಒಬ್ಬ ಅದನ್ನು 'ಕೆ' ಅಂತಾನೆ, ಇನ್ನೊಬ್ಬ 'ಕೂ' ಅಂತಾನೆ. ಇಬ್ಬರೂ ಅರ್ಧ ಸರಿ. ಏತ್ವ ಮತ್ತು ಕೊಂಬಿನ ಇಳಿ ಎರಡೂ ಬಿಡಿಬಿಡಿಯಾಗಿ ಗಟ್ಟಿಯಾಗುವ ತನಕ ಓತ್ವಕ್ಕೆ ಕೈಹಾಕಬೇಡಿ. ಎರಡನೆಯದು ಪು, ವು. ಉಳಿದ ಅಕ್ಷರಗಳಿಗೆ ಕೊಂಬು ಬಲಕ್ಕೆ, ಇವಕ್ಕೆ ಕೆಳಗೆ. 'ವ'ಕ್ಕೆ ಬಲಗಡೆ ಕೊಂಬು ಕೊಟ್ಟರೆ 'ಮ'ದಂತೆ ಕಂಡುಬಿಡುತ್ತದೆ. ಮಗುವಿಗೆ ಈ ಕಾರಣವನ್ನೇ ಹೇಳಿ, ಬೋರ್ಡಿನ ಮೇಲೆ ಬರೆದು ತೋರಿಸಿ, ಮರೆಯುವುದಿಲ್ಲ. ಮೂರನೆಯದು ಮಿ, ಯಿ, ಮೊ ಥರದವು. ಇವುಗಳ ಆಕಾರ ಉಳಿದವುಗಳಂತೆ ಅಲ್ಲ. ಇವನ್ನು ಬೇರೆ ಕಾರ್ಡು ಮಾಡಿ ಒಂದೊಂದಾಗಿ ಕಲಿಸಬೇಕು.

ಒತ್ತಕ್ಷರದ ತಪ್ಪು ಕೇಳಿದ ತಕ್ಷಣ ಗುರುತು ಸಿಗುತ್ತದೆ. 'ಅಕ್ಕ' ಹೋಗಿ 'ಅಕ' ಆಗಿರುತ್ತದೆ, ಇಲ್ಲವೇ 'ಅಜ್ಜಿ' ಹೋಗಿ 'ಅಜಿಜ'. ಈ ಎರಡನೆಯ ತಪ್ಪಿಗೆ ಲಿಪಿಯೇ ಕಾರಣ. ಗುಡಿಸು ಕೂತಿರುವುದು ಮೇಲಿನ 'ಜ'ದ ಮೇಲೆ, ಆದರೆ ಉಚ್ಚಾರ ಕೆಳಗಿನ ಒತ್ತು ಮುಗಿದ ಮೇಲೆ. ಅರ್ಕಾವತ್ತಿನದು ಇನ್ನೂ ತಿರುವುಮುರುವು: 'ಸೂರ್ಯ'ದಲ್ಲಿ ಮೊದಲು ಕೇಳುವ ರ್, ಬರಹದಲ್ಲಿ 'ಯ' ಆದ ಮೇಲೆ ಬರುತ್ತದೆ. ಕಣ್ಣಿಗಿಂತ ಮೊದಲು ಕಿವಿಗೆ ಕಲಿಸಿ. ಪುಸ್ತಕ ಮುಚ್ಚಿ ಅಕ್-ಕ, ಅಜ್-ಜಿ, ಎಮ್-ಮೆ ಅಂತ ಮುರಿದು ಹೇಳಿಸಿ, ಎರಡು ದಿನ. ಆಮೇಲೆ ಕಾರ್ಡಿನಲ್ಲಿ ಒತ್ತನ್ನು ಕಾಗದದ ಚೂರಿನಿಂದ ಮುಚ್ಚಿ, ತೆಗೆದು, ವ್ಯತ್ಯಾಸ ಓದಿಸಿ. ಕ, ಗ, ದ ಇವುಗಳ ಒತ್ತು ತಲೆಕಟ್ಟು ಕಳಚಿದ ಅದೇ ಅಕ್ಷರ, ಬೇಗ ಬರುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಆಕಾರವೇ ಬೇರೆ. ಈ ಆರನ್ನು ಹೊಸ ಅಕ್ಷರಗಳು ಅಂತಲೇ ತಿಳಿದು ಕಲಿಸಿ.

ಇನ್ನು ಬಿಡಿ ಅಕ್ಷರ ಎಲ್ಲ ಸರಿಯಾಗಿ ಹೇಳಿ ಪದ ಕೂಡಿಸಲಾರದ ಮಕ್ಕಳು. 'ಗೋ... ಡೆ...' ಅಂದು ಕೊನೆಗೆ 'ಗಡಿ' ಅನ್ನುತ್ತಾರೆ. ಇವರಿಗೆ ಅಕ್ಷರಾಭ್ಯಾಸ ಇನ್ನಷ್ಟು ಕೊಟ್ಟು ಪ್ರಯೋಜನವಿಲ್ಲ. ಎರಡಕ್ಷರದ ಪದ, ಬೆರಳನ್ನು ನಿಲ್ಲಿಸದೆ ಎಳೆಯುತ್ತಾ ಓದುವುದು, ಒಂದೇ ಪ್ಯಾರಾವನ್ನು ಮೂರು ಸಲ ಓದುವುದು, ಇಷ್ಟೇ. ಮತ್ತು ಓದಿ ಅರ್ಥವಾಗದ ಮಕ್ಕಳು ಬೇರೆಯೇ ಗುಂಪು. ಮನೆಯಲ್ಲಿ ಉರ್ದು, ತುಳು, ತೆಲುಗು, ಲಂಬಾಣಿ ಆಡುವವರು ಇದರಲ್ಲಿ ಹೆಚ್ಚು ಸಿಗಬಹುದು. ಅವರಿಗೆ ಬೇಕಾದದ್ದು ಕನ್ನಡದ ಮಾತು: ಚಿತ್ರ ನೋಡಿ ಹೇಳುವುದು, ಕತೆ ಕೇಳಿ ಮರಳಿ ಹೇಳುವುದು, ಓದುವ ಮೊದಲು ನಾಲ್ಕು ಹೊಸ ಪದದ ಅರ್ಥ.

ಎರಡನೇ ಹಂತದ ಅರ್ಧ ಗಂಟೆ

ನಾಲ್ಕು ಮಕ್ಕಳು, ಹೆಚ್ಚೆಂದರೆ ಐದು. ವಾರಕ್ಕೆ ನಾಲ್ಕು ದಿನ ಪಾಠ, ಐದನೇ ದಿನ ಅಳತೆ, ಎಂಟು ವಾರ. ಅರ್ಧ ಗಂಟೆಯನ್ನು ಹೀಗೆ ಹರಿದು ಹಂಚಿ: ಕಲಿತ ಹತ್ತು ಕಾರ್ಡು 3 ನಿಮಿಷ, ಬಾಯಲ್ಲಿ ಪದ ಮುರಿಯುವುದು-ಕೂಡಿಸುವುದು 5 ನಿಮಿಷ, ಆ ದಿನದ ಹೊಸ ಚಿಹ್ನೆ 8 ನಿಮಿಷ, ಕಲಿತ ಅಕ್ಷರಗಳಿಂದಲೇ ಕಟ್ಟಿದ ವಾಕ್ಯಗಳ ಓದು 8 ನಿಮಿಷ, ಉಕ್ತಲೇಖನ ನಾಲ್ಕು ಪದ ಒಂದು ವಾಕ್ಯ 5 ನಿಮಿಷ, ಉಳಿದ ಒಂದು ನಿಮಿಷ ನಿಮ್ಮ ಟಿಪ್ಪಣಿಗೆ. ಕಾರ್ಡಿಗೆ ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಚೆನ್ನಾಗಿರುತ್ತದೆ, ದಪ್ಪ, ಮಡಚಿಕೊಳ್ಳುವುದಿಲ್ಲ.

ಕಲಿತ ಅಕ್ಷರದ್ದೇ ವಾಕ್ಯ ಅನ್ನುವುದು ಹಟದ ವಿಷಯ. ರ ಗ ಸ ದ ಅ ಜ ವ ಮ ಬ ನ, ಜೊತೆಗೆ ಇಳಿ, ಗುಡಿಸು, ಕೊಂಬು ಗೊತ್ತಿರುವ ಮಗುವಿಗೆ "ರಾಮನು ಬಾಗಿದನು. ಅವನು ಜಾರಿದನು." ಅಂತ ಬರೆದುಕೊಡಬಹುದು. ಒಂದೂ ಹೊರಗಿನ ಅಕ್ಷರವಿಲ್ಲ, ಮಗು ತಾನೇ ಓದಿ ನಗುತ್ತದೆ. ಅದರ ಬದಲು ಪಾಠದ ಪ್ಯಾರಾ ಕೊಟ್ಟರೆ ಮೂರರಲ್ಲಿ ಒಂದು ಪದ ಊಹೆಯಾಗುತ್ತದೆ. ಊಹೆ ಒಮ್ಮೆ ಅಭ್ಯಾಸವಾದರೆ ಬಿಡಿಸುವುದು ಕಷ್ಟ.

ಸಾಮೂಹಿಕವಾಗಿ ಕೂಗಿಸಬೇಡಿ. ನಾಲ್ವರ ಗುಂಪಿನಲ್ಲೂ ಇಬ್ಬರು ಕೂಗುತ್ತಾರೆ, ಇಬ್ಬರು ಬಾಯಿ ಆಡಿಸುತ್ತಾರೆ. ಪ್ರತಿ ಮಗುವೂ ಒಂಟಿಯಾಗಿ ಓದಬೇಕು, ಅಷ್ಟಕ್ಕಾಗಿಯೇ ಗುಂಪು ಚಿಕ್ಕದು. ನೋಡಿ ಬರೆಯಿಸುವುದನ್ನೂ ಬಿಡಿ. ಪುಟ ತುಂಬಿದ ದುಂಡು ಅಕ್ಷರ ನೋಡಿ ಮನೆಯವರಿಗೆ ಖುಷಿಯಾಗುತ್ತದೆ ನಿಜ, ಆದರೆ ಒಂದಕ್ಷರವೂ ಓದದೆ ಚಿತ್ರ ಬಿಡಿಸಿದಂತೆ ಬರೆಯಬಲ್ಲ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ.

ವಾರದ ಅಳತೆ ಒಂದೇ ನಿಮಿಷದ್ದು. ಹಿಂದೆ ನೋಡಿರದ ಹಾಳೆ, ಸರಿಯಾಗಿ ಓದಿದ ಅಕ್ಷರ ಎಷ್ಟು ಅಂತ ಎಣಿಕೆ. ಪದ ಎಣಿಸಬೇಡಿ. 2021ರಲ್ಲಿ ಬಂದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ಗುರಿಯಲ್ಲಿ ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ ಅಂತಿದೆ. ಆದರೆ 'ಮನೆಯಲ್ಲಿರುವವರಿಗೆ' ಎಂಬುದು ನಮಗೆ ಒಂದೇ ಪದ, ಹಿಂದಿಯಲ್ಲಿ ಬಿಡಿಸಿ ಬರೆದರೆ ನಾಲ್ಕೈದಾಗುತ್ತದೆ. 2022ರ ಬುನಾದಿ ಕಲಿಕಾ ಅಧ್ಯಯನದಲ್ಲಿ ಒಂದೊಂದು ಭಾಷೆಗೂ ಬೇರೆ ಬೇರೆ ಮಾನದಂಡ ಇಟ್ಟದ್ದು ಅದಕ್ಕೇ. ತರಗತಿಯೊಳಗಿನ ಅಳತೆಗೆ ಅಕ್ಷರದ ಎಣಿಕೆಯೇ ನಂಬಿಕಸ್ಥ.

ಲೆಕ್ಕದ ಚೌಕುಳಿ ಪುಸ್ತಕದಲ್ಲಿ ಪ್ರತಿ ಮಗುವಿಗೆ ಒಂದು ಪುಟ. ಶುರುವಿನಲ್ಲಿ ನಿಮಿಷಕ್ಕೆ 12 ಅಕ್ಷರ, ಎಂಟು ವಾರಕ್ಕೆ 44 ಗುರಿ ಅಂತಿಟ್ಟುಕೊಂಡರೆ ವಾರಕ್ಕೆ 4 ಏರಬೇಕು. ಈ ಎರಡು ತುದಿ ಸೇರಿಸಿ ಗೆರೆ ಎಳೆಯಿರಿ, ಪ್ರತಿ ವಾರದ ಎಣಿಕೆಗೆ ಒಂದು ಚುಕ್ಕೆ ಇಡಿ. ಸತತ ನಾಲ್ಕು ವಾರ ಚುಕ್ಕೆ ಗೆರೆಯ ಕೆಳಗೆ ಬಿದ್ದರೆ ಪಾಠ ಬದಲಾಗಬೇಕು. ಮೊದಲು ಹಾಜರಿ ನೋಡಿ, 16 ಪಾಠದಲ್ಲಿ 7ಕ್ಕೆ ಬಂದಿದ್ದರೆ ಪಾಠದ್ದೇನೂ ತಪ್ಪಿಲ್ಲ. ಹಾಜರಿ ಸರಿಯಿದ್ದರೆ ತಪ್ಪಿನ ಬಗೆ ಗುರುತಿಸಿದ್ದು ಸರಿಯೇ ಅಂತ ಹಳೆಯ ಹಾಳೆ ತೆರೆದು ನೋಡಿ. ಅದೂ ಸರಿಯಿದ್ದರೆ ಗುಂಪನ್ನು ನಾಲ್ಕರಿಂದ ಎರಡಕ್ಕೆ ಇಳಿಸಿ. ಗುರಿ ಮುಟ್ಟಿದ ಮಗುವನ್ನು ಅದೇ ವಾರ ಹೊರಗೆ ಕಳಿಸಿ, ಮುಂದಿನ ಒಂದು ತಿಂಗಳು ವಾರದ ಅಳತೆ ಮಾತ್ರ ಇಟ್ಟುಕೊಳ್ಳಿ. ವರ್ಷಪೂರ್ತಿ ಅದೇ ಮುಖಗಳಿರುವ ಗುಂಪು ನೆರವಿನ ಗುಂಪಲ್ಲ. ಅದಕ್ಕೆ ಮಲ್ಲಿಗೆ, ಸಂಪಿಗೆ ಅಂತ ಹೆಸರಿಟ್ಟರೂ ಯಾವುದು ಯಾವುದು ಅಂತ ಮಕ್ಕಳಿಗೆ ಮೂರೇ ದಿನಕ್ಕೆ ತಿಳಿದುಬಿಡುತ್ತದೆ.

ಅರ್ಧ ಗಂಟೆಯನ್ನು ಎಲ್ಲಿಂದ ತರುವುದು ಎಂಬುದೇ ದೊಡ್ಡ ಜಗಳ. ಕನ್ನಡದ ಅವಧಿಯಿಂದ ಮಾತ್ರ ಬೇಡ. 2015ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಮೌಲ್ಯಮಾಪನವೊಂದರಲ್ಲಿ, ಒಂದನೇ ತರಗತಿಯಲ್ಲಿ ನೆರವಿಗೆ ಇಟ್ಟ ಅಂಕದ ಗಡಿಗೆರೆಗಿಂತ ಸ್ವಲ್ಪ ಕೆಳಗಿದ್ದು ನೆರವು ಪಡೆದ ಮಕ್ಕಳು, ಸ್ವಲ್ಪ ಮೇಲಿದ್ದು ಪಡೆಯದವರಿಗಿಂತ ಹಿಂದುಳಿದದ್ದು ಕಂಡಿತು. ಹಲವು ಶಾಲೆಗಳಲ್ಲಿ ಮುಖ್ಯ ಓದಿನ ಅವಧಿಯಲ್ಲೇ ಗುಂಪು ನಡೆಯುತ್ತಿತ್ತು. ಒಂದು ಪಾಠ ಕಸಿದು ಇನ್ನೊಂದು ಕೊಟ್ಟರೆ ಹೆಚ್ಚುವರಿ ಹೇಗಾದೀತು? ಆಟದ ಅವಧಿಯೂ ಬೇಡ, ಅದು ಶಿಕ್ಷೆ ಅನ್ನಿಸುತ್ತದೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ನಡೆಯುವ ದಾರಿ ಅಂದರೆ, ಎರಡು ಮತ್ತು ಮೂರನೇ ತರಗತಿಗೆ ದಿನದ ಒಂದು ಹೊತ್ತನ್ನು ಒಂದೇ ಮಾಡುವುದು. ಒಬ್ಬರು ಉಳಿದವರಿಗೆಲ್ಲ ಕತೆ ಓದುತ್ತಾರೆ, ಇನ್ನೊಬ್ಬರು ಎರಡೂ ತರಗತಿಯಿಂದ ಒಂದೇ ಬಗೆಯ ತಪ್ಪಿನವರನ್ನು ಕರೆದುಕೊಳ್ಳುತ್ತಾರೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ತಾಯಂದಿರು ಯಾರಾದರೂ ಬರುವುದಾದರೆ ಮಕ್ಕಳ ಓದು ಕೇಳುವ ಕೆಲಸ ಕೊಡಿ. ಹೊಸ ಚಿಹ್ನೆ ಕಲಿಸುವುದು ನಿಮ್ಮದೇ ಇರಲಿ.

ಮೂರನೇ ಹಂತ

ಎಂಟೆಂಟು ವಾರದ ಎರಡು ಸುತ್ತು ಸರಿಯಾಗಿ ನಡೆದೂ ಚುಕ್ಕೆ ಏಳದಿದ್ದರೆ ಒಬ್ಬೊಬ್ಬರಿಗೇ ಪ್ರತಿದಿನ ಪಾಠ ಬೇಕು. ಅರ್ಧ ಗಂಟೆ ಒಟ್ಟಿಗೆ ಕೂರಲಾರದ ಮಗುವಿಗೆ 15 ನಿಮಿಷದ ಎರಡು ಸರದಿ. ಪಾಠದ ಸಾಮಗ್ರಿ ಅದೇ, ಹೆಜ್ಜೆ ಸಣ್ಣದು: ಒಂದು ಚಿಹ್ನೆಗೆ ಒಂದು ದಿನದ ಬದಲು ಮೂರು ದಿನ. ಮರಳಿನಲ್ಲಿ ಬರೆಸುವುದು ಚೆನ್ನ, ಆದರೆ ಬೆರಳು ಓಡುವಾಗ ಬಾಯಲ್ಲಿ ಅದರ ಉಚ್ಚಾರ ಬರುತ್ತಿರಬೇಕು. ಬಾಯಿ ಮುಚ್ಚಿ ಮರಳಲ್ಲಿ ಬರೆದರೆ ಅದು ಮರಳಾಟ.

ಇದನ್ನು ಶುರು ಮಾಡುವ ಮುನ್ನ ಕಣ್ಣು, ಕಿವಿ ಪರೀಕ್ಷೆ ಆಗಲೇಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಈ ಮಕ್ಕಳ ಹೆಸರನ್ನು ಮೊದಲೇ ಬರೆದುಕೊಡಿ. ಬೋರ್ಡು ನೋಡಿ ಬರೆಯುವಾಗ ತಪ್ಪುವ, ಪುಸ್ತಕ ನೋಡಿ ಬರೆಯುವಾಗ ತಪ್ಪದ ಮಗುವಿಗೆ ಬೇಕಿರುವುದು ಕನ್ನಡಕ. ತರಗತಿಯ ಗಲಾಟೆಯಲ್ಲಿ ತಪ್ಪು ಹೇಳಿ ಜಗುಲಿಯಲ್ಲಿ ಸರಿ ಹೇಳಿದರೆ ಕಿವಿ ತೋರಿಸಿ.

ಡಿಸ್ಲೆಕ್ಸಿಯಾ (ಓದು-ಬರಹಕ್ಕೆ ಅಡ್ಡಿಯಾಗುವ ಕಲಿಕಾ ನ್ಯೂನತೆ) ಎಂಬ ಪದವನ್ನು ನಾವು ರಿಜಿಸ್ಟರಿನಲ್ಲಿ ಬರೆಯುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದೆ, ಆದರೆ ಅದನ್ನು ನಿರ್ಧರಿಸುವುದು ತಜ್ಞರು, ಅದೂ ಮಗುವಿಗೆ ಎಂಟು ವರ್ಷ ಆದ ಮೇಲೆ. ಬ್ಲಾಕ್ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಸಮನ್ವಯ ಶಿಕ್ಷಣ ನೋಡಿಕೊಳ್ಳುವ ಬಿಐಇಆರ್‌ಟಿ ಶಿಕ್ಷಕರ ಮೂಲಕ ಮುಂದುವರಿಯಿರಿ. ಪ್ರಮಾಣಪತ್ರ ಬರುವ ತನಕ ಪಾಠ ನಿಲ್ಲಿಸಲು ಕಾರಣವಿಲ್ಲ. ತಜ್ಞರು ಮೊದಲು ಕೇಳುವುದೂ ಇದನ್ನೇ: ಈವರೆಗೆ ಏನು ಕಲಿಸಿದ್ದೀರಿ, ಎಷ್ಟು ದಿನ, ಏನಾಯಿತು? ಚೌಕುಳಿ ಪುಸ್ತಕದ ಆ ಪುಟ, ಮಗು ಹೇಳಿದ್ದನ್ನು ಪದದ ಮೇಲೆ ಬರೆದಿಟ್ಟ ಮೂರು ಸಲದ ಪರೀಕ್ಷಾ ಹಾಳೆ, ಹಾಜರಿಯ ಲೆಕ್ಕ, ಇಷ್ಟನ್ನು ಒಂದು ಫೈಲಿನಲ್ಲಿ ಹಾಕಿಡಿ. ಏಪ್ರಿಲ್‌ನಲ್ಲಿ ಮುಂದಿನ ತರಗತಿಯ ಶಿಕ್ಷಕರ ಕೈಗೆ ಅದೇ ಫೈಲು ಹೋಗಬೇಕು, ಕೊನೆಯ ಹಾಳೆಯಲ್ಲಿ ಯಾವ ಚಿಹ್ನೆಯವರೆಗೆ ಗಟ್ಟಿಯಾಗಿದೆ ಎಂಬ ಒಂದು ಸಾಲಿನೊಂದಿಗೆ. ಜೂನ್‌ನಲ್ಲಿ ಅವರು ಶುರು ಮಾಡಬೇಕಾದದ್ದು ಅದಕ್ಕಿಂತ ಎರಡು ಚಿಹ್ನೆ ಹಿಂದಿನಿಂದ.